ಅಂಚೆಯಲ್ಲಿ ಬಂದ ಬಿ.ಎ.

1990ರ ಜೂನ್ ತಿಂಗಳು. ಮಳೆ ಶುರುವಾಗಿತ್ತು. ಬಿ.ಎ. ಪದವಿ ಪತ್ರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಸೆರಗಿನಡಿ ಹಿಡಿದುಕೊಂಡು, ಶಿಕ್ಷಕರ ಸಂಬಳದ ಲೆಕ್ಕ ನೋಡುವ ಕಚೇರಿಯೊಂದಕ್ಕೆ ಹೋಗಿದ್ದೆ. ಗುಮಾಸ್ತರು ಪತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಬಾಯಿ, ಹೀ ಪೋಸ್ಟಾಚೀ ಡಿಗ್ರೀ ನಾ?" ಎಂದರು. ಅಂಚೆಯಲ್ಲಿ ಬಂದ ಡಿಗ್ರಿ ತಾನೆ, ಎಂದು. ಸಮಾನತೆಯ ಪತ್ರ ತರದೆ ಇದನ್ನು ಲೆಕ್ಕಕ್ಕೆ ಹಿಡಿಯಲಾಗದು ಎಂದು ಹೇಳಿ ಚೀಲದ ಸಮೇತ ಹಿಂದಿರುಗಿಸಿದರು.

ಊರಿನಲ್ಲಿ ಟಿ.ಸಿ.ಎಚ್. ಮುಗಿಸಿ ಮದುವೆಯಾಗಿ ಮುಂಬಯಿಗೆ ಬಂದವಳು ನಾನು. ಕನ್ನಡ ಮಾಧ್ಯಮದ ಪ್ರಾಥಮಿಕ ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿತು. ಕಾಲೇಜಿಗೆ ಹೋಗಿ ಓದುವ ಮಾತೇ ಇರಲಿಲ್ಲ. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲೇ ಅಂಚೆ ಶಿಕ್ಷಣ ಆರಂಭಿಸಿತ್ತು (ಅದೇ ಮುಂದೆ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು). ಅಲ್ಲಿಂದ ಪಾಠಗಳ ಕಟ್ಟು ಬರುತ್ತಿತ್ತು. ಡೊಂಬಿವಲಿಯಿಂದ ದಾದರ್‌ವರೆಗಿನ ಲೇಡೀಸ್ ಡಬ್ಬದಲ್ಲಿ, ಕೂರಲು ಜಾಗ ಸಿಕ್ಕಿದ ದಿನ ಇತಿಹಾಸ, ನಿಂತೇ ಹೋಗುವ ದಿನ ಬಾಯಿಪಾಠ. ಅಕ್ಕಪಕ್ಕದವರು ಬಟಾಣಿ ಸುಲಿಯುತ್ತಿದ್ದರೆ ನಾನು ವಿಜಯನಗರದ ರಾಜರ ಇಸವಿಗಳನ್ನು ಗುನುಗುತ್ತಿದ್ದೆ. ಪರೀಕ್ಷೆಗೆ ಮೈಸೂರಿಗೇ ಹೋಗಬೇಕು. ಒಂದು ವರ್ಷ ನನ್ನ ಪರೀಕ್ಷೆಯೂ ನನ್ನ ಮಕ್ಕಳ, ಅಂದರೆ ಶಾಲೆಯ ಮಕ್ಕಳ, ಪರೀಕ್ಷೆಯೂ ಒಂದೇ ವಾರದಲ್ಲಿ ಬಿದ್ದವು. ಸಂಬಳವಿಲ್ಲದ ರಜೆ ಹಾಕಿ ಹೋದೆ. ಅತ್ತೆಯವರು ಏನೂ ಅನ್ನಲಿಲ್ಲ, ದಾರಿಗೆ ಅವಲಕ್ಕಿ ಕಟ್ಟಿಕೊಟ್ಟರು.

ಇಷ್ಟೆಲ್ಲ ಮಾಡಿ ತಂದದ್ದು ಲೆಕ್ಕಕ್ಕಿಲ್ಲ ಎಂದಾಗ ಶಾಲೆಯ ಸ್ಟಾಫ್ ರೂಮಿನಲ್ಲಿ ಅತ್ತುಬಿಟ್ಟೆ. ಆಗ ಪಕ್ಕದಲ್ಲಿದ್ದ ಹಿರಿಯ ಮರಾಠಿ ಟೀಚರ್ ಹೇಳಿದರು: "ನಮ್ಮ ಅಜ್ಜಿ ಜಿ.ಎ. ಪಾಸಾದವರು. ಮನೆಯಲ್ಲೇ ಓದಿ, ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತಲೇ ಪರೀಕ್ಷೆಗೆ ಕೂತವರು. ಅವರನ್ನೂ ಇದೇನು ಡಿಗ್ರಿ ಅಂತ ಕೇಳುತ್ತಿದ್ದರಂತೆ."

ಜಿ.ಎ. ಎಂಬುದನ್ನು ನಾನು ಕೇಳಿದ್ದೇ ಮೊದಲು. ಹುಡುಕುತ್ತಾ ಹೋದಾಗ ಸಿಕ್ಕಿದ್ದು ಮಹರ್ಷಿ ಧೋಂಡೋ ಕೇಶವ ಕರ್ವೆಯವರ ಕಥೆ.

ಕರ್ವೆಯವರ ವಿಧವಾಶ್ರಮದ ಬಗ್ಗೆ ಶಾಲೆಯ ಪಾಠದಲ್ಲೇ ಓದಿರುತ್ತೇವೆ. ಅವರು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಗಣಿತದ ಮೇಷ್ಟ್ರು. ಪರೀಕ್ಷೆಯ ಬಾಗಿಲು ಮುಚ್ಚಿದರೆ ಹೇಗಿರುತ್ತದೆಂದು ಹುಡುಗನಾಗಿದ್ದಾಗಲೇ ಕಂಡವರು. ಕೊಂಕಣದ ಮುರುಡಿನಿಂದ ಘಟ್ಟ ಹತ್ತಿ, ನೂರು ಮೈಲಿಗೂ ಮಿಕ್ಕಿ ನಡೆದು ಸಾತಾರಾಕ್ಕೆ ಪರೀಕ್ಷೆಗೆಂದು ಹೋದರೆ, ನೀನು ವಯಸ್ಸಿನಲ್ಲಿ ಚಿಕ್ಕವನಂತೆ ಕಾಣುತ್ತೀ ಎಂದು ಕೂರಿಸಲೇ ಇಲ್ಲವಂತೆ. ಇದನ್ನು ಓದಿದ ದಿನ ನನ್ನ ರೈಲು ಪ್ರಯಾಣ ಬಹಳ ಸಣ್ಣದಾಗಿ ಕಂಡಿತು.

ಜಪಾನಿನ ಮಹಿಳಾ ವಿಶ್ವವಿದ್ಯಾನಿಲಯದ ಬಗೆಗಿನ ಒಂದು ಕಿರುಪುಸ್ತಕ ಅವರ ಕೈಗೆ ಬಂತು. 1915ರ ಡಿಸೆಂಬರಿನಲ್ಲಿ ಇದೇ ಮುಂಬಯಿಯಲ್ಲಿ ನಡೆದ ಸಾಮಾಜಿಕ ಪರಿಷತ್ತಿನ ಅಧ್ಯಕ್ಷ ಪೀಠದಿಂದ ಭಾರತಕ್ಕೂ ಅಂಥದ್ದೊಂದು ಬೇಕು ಎಂದರು. ಮರುವರ್ಷ, 1916ರಲ್ಲಿ, ಅದು ಪುಣೆಯಲ್ಲಿ ಶುರುವಾಗಿಯೇಬಿಟ್ಟಿತು. (ನಮ್ಮ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ್ದೂ ಅದೇ 1916ರಲ್ಲಿ. ಅದಕ್ಕೆ ಮಹಾರಾಜರ ಬೆಂಬಲವಿತ್ತು. ಇದಕ್ಕೆ ಒಬ್ಬ ಮೇಷ್ಟ್ರ ಜೋಳಿಗೆ.) ಪಾಠ ಮಾತೃಭಾಷೆಯಲ್ಲಿ, ಇಂಗ್ಲಿಷ್ ಒಂದು ವಿಷಯ ಮಾತ್ರ. ಕಾಲೇಜಿಗೆ ಬರಲಾಗದ ಹೆಂಗಸರು ಮನೆಯಲ್ಲಿ ಓದಿ ಖಾಸಗಿಯಾಗಿ ಪರೀಕ್ಷೆಗೆ ಕೂರಬಹುದಿತ್ತು. ನನ್ನ ಕಣ್ಣಿಗೆ ಅತಿ ದೊಡ್ಡ ಮಾತು ಇದೇ. ಪದವಿಯ ಹೆಸರು 'ಗೃಹೀತಾಗಮಾ', ಅಂದರೆ ಜಿ.ಎ. 1921ರಲ್ಲಿ ಮೊದಲ ತಂಡದ ಪದವೀಧರೆಯರು ಹೊರಬಂದರು, ಐವರು. ಅದಕ್ಕೆ ಹಿಂದಿನ ವರ್ಷವಷ್ಟೇ ಸರ್ ವಿಠ್ಠಲದಾಸ್ ಠಾಕರ್ಸಿಯವರು 15 ಲಕ್ಷ ರೂಪಾಯಿ ಕೊಡಲೊಪ್ಪಿ, ತಾಯಿ ನಾಥಿಬಾಯಿಯವರ ಹೆಸರಿಡಿಸಿದ್ದರು. ಅದೇ ನಮ್ಮ ಚರ್ಚ್‌ಗೇಟಿನ ಎಸ್.ಎನ್.ಡಿ.ಟಿ. ಮುಖ್ಯ ಕಚೇರಿ ಮುಂಬಯಿಗೆ ಬಂದದ್ದು 1936ರಲ್ಲಿ.

ಆದರೆ ಸರಕಾರದ ಮನ್ನಣೆ? ಅದಕ್ಕಾಗಿ ಕಾಯುತ್ತ ಕೂರದೆ ಕರ್ವೆ ಶುರುಮಾಡಿದ್ದರು. ಶಾಸನಬದ್ಧ ವಿಶ್ವವಿದ್ಯಾನಿಲಯವೆಂಬ ಸ್ಥಾನ ಸಿಕ್ಕಿದ್ದು 1951ರಲ್ಲಿ. ಮೊದಲ ಐವರು ಪಾಸಾಗಿ ಮೂವತ್ತು ವರ್ಷಗಳ ಮೇಲೆ! ಅಷ್ಟು ಕಾಲ ಹೆಂಗಸರು ಓದಿದರು, ಪಾಸಾದರು, ಶಾಲೆಗಳಲ್ಲಿ ಕಲಿಸಿದರು. ನನ್ನ ಗೆಳತಿಯ ಅಜ್ಜಿಯೂ ಅವರಲ್ಲೊಬ್ಬರು. ಕರ್ವೆಯವರನ್ನು ಹೊಗಳುವವರು ಈ ಹೆಂಗಸರನ್ನು ಮರೆಯುತ್ತಾರೆ ಎಂದು ನನಗೆ ಬೇಸರವಿದೆ. ಲೆಕ್ಕಕ್ಕೆ ಬಾರದ ಡಿಗ್ರಿಗೆ ಎಣ್ಣೆ ಸುಟ್ಟವರು ಅವರು.

ಮೇಷ್ಟ್ರಾಗಿದ್ದು ಓದುವುದು ಗಂಡಸರಿಗೂ ಹೊಸದಲ್ಲ. ಬೇಂದ್ರೆಯವರು 1918ರಲ್ಲಿ ಬಿ.ಎ. ಮುಗಿಸಿ ಧಾರವಾಡದ ವಿಕ್ಟೋರಿಯಾ ಹೈಸ್ಕೂಲಿನಲ್ಲಿ ಮಾಸ್ತರರಾದರು, ಎಂ.ಎ. ಆದದ್ದು 1935ರಲ್ಲಿ, ಹತ್ತಿರ ಹತ್ತಿರ ನಲವತ್ತರ ವಯಸ್ಸಿಗೆ. ನಡುವೆ ಜೈಲನ್ನೂ ಕಂಡರು. ಆ ಎಂ.ಎ. ಇದ್ದದ್ದರಿಂದಲೇ ಅಲ್ಲವೆ 1944ರಲ್ಲಿ ಸೊಲ್ಲಾಪುರದ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಲು ಸಾಧ್ಯವಾದದ್ದು! ಆದರೆ ಅವರ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದವರು ಬೇರೆ ಇದ್ದರು. ನಮ್ಮಲ್ಲಿ ಅದೂ ನಾವೇ.

ನನ್ನ ಸಮಾನತೆಯ ಪತ್ರ ಬಂದು, ಕಡತ ಮೇಜಿಂದ ಮೇಜಿಗೆ ಸರಿದು, ಆದೇಶ ಕೈಸೇರುವಾಗ 1993. ಹಿಂಬಾಕಿ ಒಟ್ಟಿಗೆ ಬಂತು. ಮನೆಯವರು ಗೋದ್ರೆಜ್ ಕಪಾಟು ಕೊಳ್ಳೋಣ ಅಂದರು. ನಾನು ಕಲೀನಾಕ್ಕೆ ಹೋಗಿ ಮುಂಬಯಿ ವಿಶ್ವವಿದ್ಯಾನಿಲಯದ ಕನ್ನಡ ವಿಭಾಗದಲ್ಲಿ ಎಂ.ಎ.ಗೆ ಹಣ ಕಟ್ಟಿ ಬಂದೆ. 1978ರಲ್ಲಿ ಆರಂಭವಾದ, ಶ್ರೀನಿವಾಸ ಹಾವನೂರರಂಥವರು ಮುಖ್ಯಸ್ಥರಾಗಿದ್ದ ವಿಭಾಗ ಅದು. ಬೆಳಗಿನ ಪಾಳಿ ಮುಗಿಸಿ, ಕುರ್ಲಾದಲ್ಲಿ ಇಳಿದು, ಬಸ್ಸು ಹಿಡಿದು ತರಗತಿಗೆ. ಸುಣ್ಣದ ಪುಡಿ ಸೀರೆಗೆ ಅಂಟಿಕೊಂಡೇ ಇರುತ್ತಿತ್ತು. ಬೆಳಿಗ್ಗೆ ಹೋಂವರ್ಕ್ ಮಾಡದ ಮಕ್ಕಳನ್ನು ಗದರಿಸಿ, ಮಧ್ಯಾಹ್ನ ನಾನೇ ಪ್ರಬಂಧ ಬರೆಯದೆ ತಲೆತಗ್ಗಿಸಿ ಕೂತದ್ದುಂಟು. ಆಮೇಲೆ ಗದರಿಸುವುದು ಸ್ವಲ್ಪ ಕಡಿಮೆಯಾಯಿತು. ಎಂ.ಎ. ಆಯಿತು. ಕಪಾಟು ಬರಲು ಇನ್ನೂ ನಾಲ್ಕು ವರ್ಷ ಹಿಡಿಯಿತು.

ಅಂಚೆಯಲ್ಲಿ ಬಂದ ಆ ಪಾಠಗಳ ಕಟ್ಟುಗಳು ಈಗಲೂ ಆ ಕಪಾಟಿನಲ್ಲೇ ಇವೆ, ಒಂದರ ಹೊರತು. ಇತಿಹಾಸದ ಕಟ್ಟನ್ನು ನಮ್ಮ ಶಾಲೆಯ ಕಿರಿಯ ಟೀಚರೊಬ್ಬಳು ಒಯ್ದಿದ್ದಳು. ಬಿ.ಎ. ಮುಗಿಸಿದಳು, ಪೇಡೆಯನ್ನೂ ತಂದುಕೊಟ್ಟಳು. ಕಟ್ಟು ಎಲ್ಲಿ ಎಂದರೆ, "ಅಕ್ಕಾ, ಅದನ್ನು ನವಿ ಮುಂಬಯಿಯ ಒಬ್ಬರು ಟೀಚರ್ ಓದಲಿಕ್ಕೆ ತಗೊಂಡಿದ್ದಾರೆ" ಎಂದಳು.