ಗುಬ್ಬಿ ಕಂಪನಿಯ ಮಟ್ಟು, ಕ್ಯೂಬಾದ ಹೆಜ್ಜೆ

ತುಮಕೂರಿನ ಹುಡುಗ ಹುಡುಗಿಯರು ಸಾಲ್ಸಾ, ಬಚಾಟಾ ಎಂಬ ಲ್ಯಾಟಿನ್ ನೃತ್ಯ ಕಲಿಯಲು ಹೊರಟರೆ ‘ಇದೇನು ನಮ್ಮ ನೆಲದ್ದೇ?’ ಎಂದು ಕೇಳುವವರು ಇದ್ದೇ ಇರುತ್ತಾರೆ. ಅವರು ಇಪ್ಪತ್ತು ಕಿಲೋಮೀಟರ್ ಆಚೆಯ ಗುಬ್ಬಿಯ ಕಡೆ ಒಮ್ಮೆ ನೋಡಬೇಕು. 1884ರಲ್ಲಿ ಅಲ್ಲಿ ಹುಟ್ಟಿದ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘ, ಜನರ ಬಾಯಲ್ಲಿ ಗುಬ್ಬಿ ಕಂಪನಿ, ನಾಡನ್ನು ಗೆದ್ದದ್ದೇ ಹೊರಗಿನದನ್ನು ಒಳಗೆ ಬಿಟ್ಟುಕೊಂಡು. ಪರದೆಯ ಝಗಮಗ ಪಾರ್ಸಿ ಕಂಪನಿಗಳ ಕಡೆಯಿಂದ ಬಂತು, ಹಾಡಿನ ಧಾಟಿಗಳು ಮರಾಠಿ ರಂಗದಿಂದ. ಹಾರ್ಮೋನಿಯಂ ಅಂತೂ 1842ರಲ್ಲಿ ಪ್ಯಾರಿಸ್ಸಿನ ದೆಬೆಂ ಪೇಟೆಂಟ್ ಪಡೆದ ವಾದ್ಯದ ಸಂತತಿ. ಕಾಲಲ್ಲಿ ತಿದಿ ಒತ್ತುತ್ತ, ಎರಡೂ ಕೈಯನ್ನು ಮನೆಗಳ ಮೇಲೆ ಓಡಿಸುತ್ತ ಮೇಷ್ಟ್ರು ನಟನಿಗೆ ಶ್ರುತಿ ಎತ್ತಿಕೊಡದಿದ್ದರೆ ಕಂಪನಿ ನಾಟಕ ಒಂದು ಹೆಜ್ಜೆಯೂ ಮುಂದೆ ಹೋಗುತ್ತಿರಲಿಲ್ಲ. ಆಕಾಶವಾಣಿ 1940ರಿಂದ ಸುಮಾರು ಮೂರು ದಶಕ ಈ ಪೆಟ್ಟಿಗೆಯನ್ನು ಹೊರಗಿಟ್ಟಿತು. ಹಳ್ಳಿಯ ಭಜನೆ ಮನೆ ಆ ಮಡಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಲ್ಯಾಟಿನ್ ಲಯವೂ ನಮ್ಮ ಕಿವಿಗೆ ನಿನ್ನೆ ಮೊನ್ನೆಯದಲ್ಲ. 1951ರ ‘ಅಲ್ಬೇಲಾ’ ಚಿತ್ರದಲ್ಲೇ ಸಂಗೀತ ನಿರ್ದೇಶಕ ಸಿ. ರಾಮಚಂದ್ರ ಬಾಂಗೋ ಬಳಸಿದ್ದರು.

ಕಂಪನಿಯವರು ಕಲಿತ ಕ್ರಮ ಇಂದಿಗೂ ಉಪಯೋಗಕ್ಕೆ ಬರುತ್ತದೆ. ನಾಟಕದ ಹಾಡಿನ ಪುಸ್ತಕದಲ್ಲಿ ಪದ್ಯದ ತಲೆಯ ಮೇಲೆ ಇಂಥ ಹಾಡಿನ ಮಟ್ಟು ಎಂದು ಅಚ್ಚಾಗಿರುತ್ತಿತ್ತು: ಮೊದಲು ಧಾಟಿ ಕಿವಿಗೆ, ಆಮೇಲೆ ಮಾತು ಬಾಯಿಗೆ. ಸಾಲ್ಸಾ ಕಲಿಯುವವರು ವಿಡಿಯೋ ನೋಡಿ ನೇರ ಕಾಲಿಗೇ ಕೈ ಹಾಕುತ್ತಾರೆ. ಎಂಟರ ಎಣಿಕೆಯಲ್ಲಿ ಒಂದು, ಎರಡು, ಮೂರಕ್ಕೆ ಹೆಜ್ಜೆ, ನಾಲ್ಕಕ್ಕೆ ತಡೆ. ಐದು, ಆರು, ಏಳಕ್ಕೆ ಹೆಜ್ಜೆ, ಎಂಟಕ್ಕೆ ತಡೆ. ಆದಿತಾಳ ಹಾಕಿದ ಕೈಗೆ ಇದು ಸುಲಭವೆನಿಸುತ್ತದೆ. ತೊಡಕಿರುವುದು ಕ್ಲಾವೆ ಎಂಬ ಜೋಡಿ ಕೋಲಿನ ಐದು ಪೆಟ್ಟುಗಳಲ್ಲಿ. ಅದರ ಒಂದು ಪೆಟ್ಟು ಎರಡು ದಾಟಿ, ಮೂರು ಮುಟ್ಟುವ ಮೊದಲೇ ಬೀಳುತ್ತದೆ. ಅದನ್ನು ಕಿವಿ ಹಿಡಿಯುವವರೆಗೆ ಕಾಲು ಬರೀ ಕವಾಯತು ಮಾಡುತ್ತದೆ.

ಹಾರ್ಮೋನಿಯಂ ಪೆಟ್ಟಿಗೆ ಬೇರೆ, ಗಂಡು ಹೆಣ್ಣು ಕೈ ಹಿಡಿದು ಕುಣಿಯುವುದು ಬೇರೆ ಎನ್ನಬಹುದು. ಹೆಣ್ಣಿನ ಪಾತ್ರವನ್ನು ಗಂಡಸರೇ ಕಟ್ಟುತ್ತಿದ್ದ ಕಾಲಕ್ಕೆ ನಟಿ ರಂಗಕ್ಕೆ ಬರುವುದೂ ಇಷ್ಟೇ ದೊಡ್ಡ ಸಂಕೋಚದ ಮಾತಾಗಿತ್ತು. ಆದರೂ ಕಂಪನಿಯ ನಟಿಯರಾದ ಬಿ. ಜಯಮ್ಮ, ಮಳವಳ್ಳಿ ಸುಂದರಮ್ಮ ಅವರನ್ನು ನೋಡಲೆಂದೇ ಜನ ಟಿಕೆಟ್ ಕೊಂಡರು. ಸಾಲ್ಸಾದ ತಾಯಿಬೇರಾದ ಕ್ಯೂಬಾದ ‘ಸೋನ್’ ಕೂಡ ಕರಿಯರ ಹಾಡೆಂದು ಹವಾನಾದ ದೊಡ್ಡಮನೆಗಳಿಂದ ಮೂಗು ಮುರಿಸಿಕೊಂಡದ್ದೇ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಕಂಪನಿಯ ಬೆರಗಿನ ಮುಂದೆ ನಮ್ಮ ಮೂಡಲಪಾಯ ಯಕ್ಷಗಾನ ಸೊರಗಿತು. ಇದನ್ನು ಒಪ್ಪಲೇಬೇಕು. ಆದರೆ ಆ ಕಂಪನಿಯೂ ಸಿನಿಮಾದ ಮುಂದೆ ಸೊರಗಿತು. ಕಂಪನಿಯ ಒಡೆಯ ಗುಬ್ಬಿ ವೀರಣ್ಣನವರೇ 1935ರ ಹೊತ್ತಿಗೆ ‘ಸದಾರಮೆ’ಯನ್ನು ತೆರೆಗೆ ತಂದಿದ್ದರು. ಕುಣಿಗಲ್ ಕೆರೆಯ ಜನಪದ ಹಾಡು ಮಾತ್ರ ಕೀಬೋರ್ಡು, ಗಿಟಾರು ಜೊತೆ ಮಾಡಿಕೊಂಡು ಆರ್ಕೆಸ್ಟ್ರಾ ವೇದಿಕೆಯಲ್ಲೂ ಉಳಿದಿದೆ. ಸೋಮನ ಕುಣಿತಕ್ಕೆ ಕುತ್ತು ಬರುವುದು ಸಾಲ್ಸಾದಿಂದಲ್ಲ, ಮರದ ಆ ಭಾರಿ ಮೊಗವನ್ನು ಹೊರಲು ಹೊಸಬರು ಬಾರದಿರುವುದರಿಂದ. ತುಮಕೂರಿನಲ್ಲಿ ನೃತ್ಯದ ತರಗತಿ ತೆರೆಯುವವರು ಆ ಕುಣಿತದ ಅರೆ ವಾದ್ಯ ಬಡಿಯುವವರನ್ನೂ ವಾರಕ್ಕೊಮ್ಮೆ ಸಂಭಾವನೆ ಕೊಟ್ಟು ಕರೆಯಲಿ. ಕ್ಲಾವೆಯ ಜೊತೆ ಆ ಪೆಟ್ಟೂ ಹುಡುಗರ ಕಿವಿಗೆ ಬೀಳಲಿ.