ಒಳಗೇ ಹುಟ್ಟಿದ ವಸ್ತುವೂ ಅಣಕು ವಸ್ತುವೂ: ಘಟಕ ಪರೀಕ್ಷೆಯ ಚರಿತ್ರೆಯಲ್ಲಿ ಒಂದು ಪ್ರಶ್ನೆ

ತಂತ್ರಾಂಶದ ಒಂದು ಚಿಕ್ಕ ಭಾಗವನ್ನು ಉಳಿದವುಗಳಿಂದ ಬೇರ್ಪಡಿಸಿ ಒರೆಗೆ ಹಚ್ಚುವುದೇ ಘಟಕ ಪರೀಕ್ಷೆ. ಜಾವಾ ಭಾಷೆಯಲ್ಲಿ ಈ ಪದ್ಧತಿ ಬೇರೂರಿದುದು ಕೆಂಟ್ ಬೆಕ್ ಮತ್ತು ಎರಿಕ್ ಗಾಮಾ ಇವರು 1997ರಲ್ಲಿ ಬರೆಯಲಾರಂಭಿಸಿದ ಜೆಯುನಿಟ್ ಎಂಬ ಸಾಧನದಿಂದ. ಆದರೆ ಬೇರ್ಪಡಿಸುವ ಕಾರ್ಯ ಎಲ್ಲೆಡೆಯೂ ಸುಲಭವಲ್ಲ. ಗ್ರಂಥಾಲಯದ ದಂಡವನ್ನು ಲೆಕ್ಕಹಾಕುವ ಒಂದು ವರ್ಗವಿದೆಯೆನ್ನೋಣ. ಓದುಗನಿಗೆ ಇಮೇಲ್ ಕಳುಹಿಸುವ ವಸ್ತುವನ್ನು ಅದು ‘ನ್ಯೂ’ ಎಂಬ ಪದದಿಂದ ತನ್ನೊಳಗೇ ಸೃಷ್ಟಿಸಿಕೊಂಡರೆ, ಲೆಕ್ಕವನ್ನು ಪರೀಕ್ಷಿಸಿದಾಗಲೆಲ್ಲ ನಿಜವಾದ ಪತ್ರವೇ ಹೊರಡುತ್ತದೆ. ಆ ವಸ್ತುವನ್ನು ಬದಲಿಸಲು ಹೊರಗಿನವನಿಗೆ ಬಾಗಿಲೇ ಇಲ್ಲ. ಈ ತೊಡಕನ್ನು ಬಿಡಿಸಿದ ಬಗೆಗಳನ್ನು ಕಾಲಕ್ರಮದಲ್ಲಿ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲ ಉತ್ತರ ಬಂದುದು ಲಂಡನ್ನಿನ ಅಭ್ಯಾಸಿಗಳಿಂದ. ಟಿಮ್ ಮೆಕಿನನ್, ಸ್ಟೀವ್ ಫ್ರೀಮನ್ ಮತ್ತು ಫಿಲಿಪ್ ಕ್ರೇಗ್ ಇವರು 2000ದಲ್ಲಿ ಇಟಲಿಯ ಸಾರ್ಡೀನಿಯಾದಲ್ಲಿ ನಡೆದ ಸಮ್ಮೇಳನಕ್ಕೆ ‘ಎಂಡೋ-ಟೆಸ್ಟಿಂಗ್’ ಎಂಬ ಪ್ರಬಂಧವನ್ನು ಒಪ್ಪಿಸಿದರು. ನಿಜವಾದ ವಸ್ತುವಿನ ಸ್ಥಾನದಲ್ಲಿ ನಿಂತು, ತನಗೆ ಬಂದ ಕರೆಗಳು ನಿರೀಕ್ಷಿತವೇ ಎಂದು ತಾನೇ ಪರೀಕ್ಷಿಸುವ ‘ಅಣಕು ವಸ್ತು’ವನ್ನು ಅವರು ವಿವರಿಸಿದರು. ಅದನ್ನು ಒಳಕ್ಕೆ ಸೇರಿಸಬೇಕಾದರೆ ಸಹಾಯಕ ವಸ್ತುವನ್ನು ಹೊರಗಿನಿಂದಲೇ ಕೊಡಬೇಕಾಯಿತು. ಹೀಗೆ ಪರೀಕ್ಷೆಯ ಅಗತ್ಯವೇ ರಚನೆಯನ್ನು ತಿದ್ದಿತು. ಇಂತಹ ಕ್ರಮಕ್ಕೆ ‘ಡಿಪೆಂಡೆನ್ಸಿ ಇಂಜೆಕ್ಷನ್’, ಎಂದರೆ ಅವಲಂಬನೆಯನ್ನು ಹೊರಗಿನಿಂದ ಒದಗಿಸುವುದು, ಎಂಬ ಹೆಸರು ರೂಢಿಗೆ ಬಂದುದು ಮಾರ್ಟಿನ್ ಫೌಲರ್ ಅವರ 2004ರ ಲೇಖನದಿಂದ.

ಹಳೆಯ ತಂತ್ರಾಂಶದ ಗತಿಯೇನು? ಅದೇ 2004ರಲ್ಲಿ ಮೈಕೆಲ್ ಫೆದರ್ಸ್ ಅವರು ತಮ್ಮ ಗ್ರಂಥದಲ್ಲಿ ಇದಕ್ಕೆ ಮಧ್ಯಮಾರ್ಗವನ್ನು ತೋರಿಸಿದರು. ವಸ್ತುವನ್ನು ಸೃಷ್ಟಿಸುವ ಸಾಲನ್ನು ಮಾತ್ರ ಪ್ರತ್ಯೇಕ ವಿಧಾನವಾಗಿ ಹೊರತೆಗೆದು, ಪರೀಕ್ಷೆಗೆಂದು ರಚಿಸಿದ ಉಪವರ್ಗದಲ್ಲಿ ಆ ವಿಧಾನವನ್ನು ಬದಲಿಸುವುದು ಅವುಗಳಲ್ಲೊಂದು. ಬದಲಾವಣೆಗೆ ಎಡೆಗೊಡುವ ಇಂತಹ ಸ್ಥಳವನ್ನು ಅವರು ‘ಸೀಮ್’ ಎಂದು ಕರೆದರು.

ಮುಂದೆ ಪವರ್‌ಮಾಕ್ ಎಂಬ ಸಾಧನವು ಅನುವಾದಗೊಂಡ ಬೈಟ್‌ಕೋಡನ್ನೇ ತಿದ್ದಿ, ಮೂಲವನ್ನು ಮುಟ್ಟದೆ ‘ನ್ಯೂ’ವಿನ ಫಲವನ್ನು ಬದಲಿಸಿತು. ಇಂತಹ ಸೌಕರ್ಯವನ್ನು ಬಹುಕಾಲ ಹೊಂದಿರದಿದ್ದ ಮಾಕಿಟೊ ಕೂಡ 2020ರ 3.5ನೆಯ ಆವೃತ್ತಿಯಲ್ಲಿ ಅದನ್ನು ಒದಗಿಸಿತು.

ಇದನ್ನು ನಿರಪವಾದವಾದ ಪ್ರಗತಿಯೆಂದು ಎಣಿಸಬಹುದೇ? ಒಳಗಿನ ಸೃಷ್ಟಿಯನ್ನು ಬಲವಂತವಾಗಿ ಬದಲಿಸುವ ಪರೀಕ್ಷೆಯು ವರ್ಗದ ಒಳಗುಟ್ಟಿಗೆ ಕಟ್ಟುಬೀಳುತ್ತದೆ. ಫಲಿತಾಂಶ ಒಂದೇ ಆಗಿದ್ದರೂ, ಒಳರಚನೆ ಮಾರ್ಪಟ್ಟೊಡನೆ ಪರೀಕ್ಷೆ ಮುರಿಯುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಬೇರೆಯಿದೆ. ಪರೀಕ್ಷಿಸಲು ಕಷ್ಟವೆಂಬುದು ದಂಡದ ಲೆಕ್ಕವೂ ಅಂಚೆಯ ಕೆಲಸವೂ ಒಂದೇ ಕಡೆ ಬೆರೆತಿವೆಯೆಂಬ ಸೂಚನೆ. ಸಾಧನವು ಕಷ್ಟವನ್ನು ನೀಗಿಸುವಾಗ ಸೂಚನೆಯನ್ನೂ ಅಳಿಸಿಬಿಡುತ್ತದೆ. ಹಾಗೆಂದ ಮಾತ್ರಕ್ಕೆ ಅದು ತ್ಯಾಜ್ಯವಲ್ಲ. ತಿದ್ದಲು ಭಯಪಡಬೇಕಾದ ಹಳೆಯ ತಂತ್ರಾಂಶಕ್ಕೆ ಮೊದಲ ಪರೀಕ್ಷೆಯನ್ನು ಬರೆಯಲು ಅದು ಊರುಗೋಲಾಗುತ್ತದೆ. ಆ ಪರೀಕ್ಷೆಯ ರಕ್ಷಣೆಯಲ್ಲಿ ರಚನೆಯನ್ನು ತಿದ್ದಿದ ಮೇಲೆ ಊರುಗೋಲನ್ನು ಬಿಡುವುದೇ ಯುಕ್ತ.