ಉಪ್ಪು–ಸಿಹಿ ನೀರಿನ ಸರದಿ: ಅಘನಾಶಿನಿ, ಶರಾವತಿ ಅಳಿವೆಗಳ ಜೀವಿನೆಲೆ

ಸಾರಾಂಶ: ಕುಮಟಾ ತಾಲೂಕಿನ ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳು ಒಡ್ಡು, ಕಾಲುವೆ, ತೂಬುಗಳಿಂದ ರೂಪುಗೊಂಡ ಮಾನವನಿರ್ಮಿತ ನೆಲೆಗಳು. ಅವುಗಳ ಜೀವವೈವಿಧ್ಯವನ್ನು ನಿರ್ಧರಿಸುವಲ್ಲಿ ನೆಲದ ವಿಸ್ತಾರಕ್ಕಿಂತ ಉಪ್ಪಂಶದ ಋತುಮಾನದ ಏರಿಳಿತ ಮುಖ್ಯವೆಂದು ಹೊನ್ನಾವರದ ಶರಾವತಿ ಅಳಿವೆಯ ಹೋಲಿಕೆಯಿಂದ ಇಲ್ಲಿ ವಾದಿಸಲಾಗಿದೆ.

1. ಗಜನಿಯ ವರ್ಷಚಕ್ರ

ಅಳಿವೆಯಂಚಿನ ತಗ್ಗು ಗದ್ದೆಯೇ ಗಜನಿ. ಮುಂಗಾರು ಮಣ್ಣಿನ ಉಪ್ಪನ್ನು ತೊಳೆದಾಗ ಮಾಣಿಕಟ್ಟಾ ಮುಂತಾದ ಊರುಗಳ ರೈತರು ಕಗ್ಗ ಭತ್ತ ಬಿತ್ತುತ್ತಾರೆ. ಉಪ್ಪನ್ನೂ ನೆರೆಯನ್ನೂ ತಾಳುವ ಈ ತಳಿ ಗೊಬ್ಬರವಿಲ್ಲದೆ ಬೆಳೆಯುತ್ತದೆ. ಪೈರು ನಿಂತಿರುವಷ್ಟು ಕಾಲ ತೂಬಿನ ಹಲಗೆ ಭರತದ ಉಪ್ಪುನೀರನ್ನು ತಡೆಯುತ್ತದೆ. ಕೊಯ್ಲಾದ ಮೇಲೆ ಅದೇ ನೀರಿಗೆ ದಾರಿ ಬಿಡುತ್ತಾರೆ. ನೀರಿನೊಂದಿಗೆ ಸಿಗಡಿ, ಮೀನಿನ ಮರಿಗಳು ಒಳಬರುತ್ತವೆ. ಕೊಳೆಯುವ ಕೂಳೆ ಅವುಗಳ ಆಹಾರಸರಪಳಿಗೆ ಆಧಾರ. ಇಳಿತದಲ್ಲಿ ತೂಬಿಗೆ ಬಲೆಯೊಡ್ಡಿ ಮೀನು ಹಿಡಿಯುತ್ತಾರೆ, ಕೆಸರು ತೆರೆದಲ್ಲಿ ಬೆಳ್ಳಕ್ಕಿಗಳೂ ವಲಸೆಯ ಉಲ್ಲಂಕಿಗಳೂ ಮೇಯುತ್ತವೆ. ಒಡ್ಡಿನ ಬದಿಯ ಕಾಂಡ್ಲಾ (ಮ್ಯಾಂಗ್ರೋವ್) ಬೇರುಗಳು ಮಣ್ಣನ್ನು ಹಿಡಿಯುವುದರ ಜೊತೆಗೆ ಮರಿಮೀನುಗಳಿಗೂ ಏಡಿಗಳಿಗೂ ಆಸರೆಯಾಗುತ್ತವೆ. ಹೀಗೆ ಒಂದೇ ನೆಲ ಮಳೆಗಾಲದಲ್ಲಿ ಗದ್ದೆ, ಬೇಸಿಗೆಯಲ್ಲಿ ಅಳಿವೆ.

2. ಎರಡು ನದಿಗಳ ಹೋಲಿಕೆ

ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. ಮಳೆಗಾಲದಲ್ಲಿ ಸಿಹಿಯಾಗುವ ಅಳಿವೆ ಬೇಸಿಗೆಯಲ್ಲಿ ಕಡಲಿನ ಉಪ್ಪನ್ನು ಒಳಗೆಳೆದುಕೊಳ್ಳುತ್ತದೆ. ಉಪ್ಪನ್ನು ಬೇಡುವ ಹಲವು ಜಾತಿಯ ಬಳಚುಗಳು (ಚಿಪ್ಪುಜೀವಿಗಳು) ಇಲ್ಲಿ ಹೇರಳ. ಇಳಿತದ ಹೊತ್ತಿಗೆ ಅವನ್ನು ಹೆಕ್ಕುವ ಕುಟುಂಬಗಳಿಗೆ ಅದೇ ಜೀವನಾಧಾರ.

ಶರಾವತಿಯ ಸ್ಥಿತಿ ಬೇರೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು, ಅನಂತರ ಕೆಳಗೆ ಗೇರುಸೊಪ್ಪೆಯ ವಿದ್ಯುತ್ ಯೋಜನೆ ಬಂತು. ಟರ್ಬೈನ್ ತಿರುಗಿಸಿದ ಸಿಹಿನೀರು ಬೇಸಿಗೆಯಲ್ಲೂ ಅಳಿವೆಗೆ ಇಳಿಯುತ್ತದೆ. ಉಪ್ಪಂಶ ಕುಗ್ಗಿದಂತೆ ಬಳಚಿನ ವೈವಿಧ್ಯವೂ ಕುಗ್ಗಿರುವುದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದ ಅಧ್ಯಯನಗಳು ದಾಖಲಿಸಿವೆ. ನದಿಯಲ್ಲಿ ನೀರು ಬತ್ತಿಲ್ಲ, ಬರುವ ಕಾಲ ತಪ್ಪಿದೆ.

3. ಸಂರಕ್ಷಣೆಯ ಪ್ರಶ್ನೆ

ಸರದಿ ಗಜನಿಯೊಳಗೂ ತಪ್ಪಬಹುದು. ವರ್ಷವಿಡೀ ಉಪ್ಪುನೀರು ನಿಲ್ಲಿಸಿ ಸಿಗಡಿ ಸಾಕಿದರೆ ಕಗ್ಗಕ್ಕೆ ಜಾಗವಿಲ್ಲ, ಕೂಳೆಯೂ ಇಲ್ಲ. ಕರಾವಳಿ ನಿಯಂತ್ರಣ ವಲಯದ ಸಿಗಡಿ ಕೆರೆಗಳನ್ನು ನಿಷೇಧಿಸಿದ 1996ರ ಸುಪ್ರೀಂ ಕೋರ್ಟ್ ತೀರ್ಪು ಸಾಂಪ್ರದಾಯಿಕ ಪದ್ಧತಿಗೆ ವಿನಾಯಿತಿ ಕೊಟ್ಟಿತ್ತು. ಗದ್ದೆಯನ್ನು ಕಾಯಂ ಕೆರೆಯಾಗಿಸುವ ಸಾಕಣೆಯನ್ನು ಆ ಹೆಸರಿನಲ್ಲಿ ಸಮರ್ಥಿಸಲಾಗದು.

2024ರಲ್ಲಿ 4,801 ಹೆಕ್ಟೇರಿನ ಅಘನಾಶಿನಿ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಗಡಿ ಗುರುತಿಸಿ ಕಾಂಡ್ಲಾ ನೆಟ್ಟ ಮಾತ್ರಕ್ಕೆ ಈ ನೆಲೆ ಉಳಿಯದು. ಹಲಗೆ ಏರಿಸಿ ಇಳಿಸುವ ರೈತರ ಕಾಲಜ್ಞಾನ ನಿರ್ವಹಣಾ ಯೋಜನೆಯ ಭಾಗವಾಗಬೇಕು, ಕಗ್ಗದ ಬೇಸಾಯ ಅವರಿಗೆ ಗಿಟ್ಟುವಂತಾಗಬೇಕು. ಶರಾವತಿಯಲ್ಲೂ ನೀರು ಬಿಡುವ ವೇಳಾಪಟ್ಟಿಯನ್ನು ವಿದ್ಯುತ್ತಿನ ಬೇಡಿಕೆಯ ಜೊತೆಗೆ ಅಳಿವೆಯ ಉಪ್ಪಂಶವನ್ನೂ ಅಳೆದು ನಿಗದಿಪಡಿಸುವುದು ಅಗತ್ಯ.